ಚೌರಪ್ಪನವರ ಎದೆ ಚೆನ್ನಾಗಿತ್ತು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಮೊದಲು ಅಮ್ಮನ ಕಾಲ ಮುಗಿಯಲಿ ಅಂದುಕೊಂಡೆ. ಆಮೇಲೆ ಮಗಳ ಮದುವೆಯಾಗಲಿ ಅಂದೆ. ಆಮೇಲೆ ಹೆಂಡತಿ ನೊಂದುಕೊಳ್ಳುತ್ತಾಳೆ ಅಂದೆ. ಈಗ ಅಮ್ಮನೂ ಇಲ್ಲ, ಹೆಂಡತಿಯೂ ಇಲ್ಲ, ಮಗಳು ತಾನೇ ಅಜ್ಜಿಯಾಗಿದ್ದಾಳೆ. ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ.

ನನಗೆ ಬಂದದ್ದು ಕ್ಷಯ. ನಮ್ಮ ಕಾಲದಲ್ಲಿ ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ‘ಆ ಕಾಯಿಲೆ’ ಅನ್ನುತ್ತಿದ್ದರು. ಈಗ ಮಾತ್ರೆ ನುಂಗಿದರೆ ಹೋಗುತ್ತದೆ. ಆದರೂ ಮೊಮ್ಮಗನ ಸ್ನೇಹಿತನೊಬ್ಬ ಬಾಡಿಗೆ ಮನೆಯವರಿಗೆ ತಿಳಿಯಬಾರದೆಂದು ಬಚ್ಚಲಿನಲ್ಲಿ ನಿಂತು ಆ ಮಾತ್ರೆ ನುಂಗುತ್ತಾನಂತೆ. ಅದನ್ನು ಕೇಳಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧದ ವರ್ಷಗಳು. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ಓಡಾಡುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಹೈಸ್ಕೂಲು ಮುಗಿಸಿ, ಗುಮಾಸ್ತೆ ಕೆಲಸಕ್ಕೆ ಅಲೆದು, ಸಿಗದೆ ಸೇರಿದ ಕೆಲಸ. ಚೌರಪ್ಪನವರು ಡ್ರೈವರ್. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಆಗ ನಾನು ‘ಚೌರಪ್ಪ, ಬಾರಯ್ಯ’ ಅನ್ನುತ್ತಿದ್ದೆ. ಅವರು ನನ್ನನ್ನು ‘ಅಯ್ನೋರೆ’ ಅನ್ನುತ್ತಿದ್ದರು. ಈ ವಯಸ್ಸಿನಲ್ಲಾದರೂ ಅವರನ್ನು ಮರ್ಯಾದೆಯಿಂದ ಕರೆಯುತ್ತೇನೆ.

ಅವರು ಕ್ರೈಸ್ತರು. ನಮ್ಮೂರಿನಲ್ಲೇ ಒಂದು ಬಾಡಿಗೆ ಮನೆ, ಹೆಂಡತಿ, ಮೂವರು ಹೆಣ್ಣುಮಕ್ಕಳು. ಊರು ಏಳುವ ಮೊದಲೇ ಬಂದು ಬಸ್ಸಿನ ಹಿಂದಿನ ಡ್ರಮ್ಮಿಗೆ ಇದ್ದಿಲು ಸುರಿದು, ಬೆಂಕಿ ಹಾಕಿ, ಗಾಳಿ ಚಕ್ರ ತಿರುಗಿಸುತ್ತಾ ನಿಲ್ಲುತ್ತಿದ್ದರು. ಗ್ಯಾಸು ಏರಿದ ಮೇಲೆ ಕೈ ತೊಳೆದು, ಹಣೆಗೂ ಎದೆಗೂ ಭುಜಗಳಿಗೂ ಕೈ ಮುಟ್ಟಿಸಿ ಶಿಲುಬೆಯ ಗುರುತು ಮಾಡಿ, ಆಮೇಲೇ ಸ್ಟೇರಿಂಗ್ ಹಿಡಿಯುತ್ತಿದ್ದರು. ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ. ಅವರ ಉಪವಾಸದ ಕಾಲ ಬಂದರೆ ಒಪ್ಪೊತ್ತು ಊಟ. ಎಲೆ ಅಡಿಕೆ, ಬೀಡಿ, ಹೆಂಡ ಯಾವುದೂ ಇಲ್ಲ. ನಾನು ರೇಗಿಸುತ್ತಿದ್ದೆ:

“ಏನಯ್ಯಾ ಚೌರಪ್ಪ, ನಮ್ಮ ಏಕಾದಶಿ ಕದ್ದುಕೊಂಡು ಶುಕ್ರವಾರ ಅಂತ ಹೆಸರಿಟ್ಟಿದೀಯಲ್ಲ.”

“ನೀವು ಏಕಾದ್ಸಿ ದಿನ ಉಪ್ಪಿಟ್ಟು ತಿಂತೀರಿ ಕಣಯ್ನೋರೆ. ನಂದು ನಿಜವಾದ್ ಉಪಾಸ,” ಅನ್ನುತ್ತಿದ್ದರು. ಮಾತಿನಲ್ಲಿ ಅವರನ್ನು ಗೆಲ್ಲಲಾಗುತ್ತಿರಲಿಲ್ಲ.

ನನಗೆ ಕೆಮ್ಮು ಹಿಡಿದದ್ದು ಒಂದು ಮಾಗಿಯಲ್ಲಿ. ಮೊದಲು ಇದ್ದಿಲ ಧೂಳು ಅಂದುಕೊಂಡೆ. ಸಂಜೆಯ ಜ್ವರಕ್ಕೆ ಅಮ್ಮ ಉಷ್ಣ ಅಂದು ಮಜ್ಜಿಗೆ ಕುಡಿಸಿದಳು. ಒಂದು ದಿನ ಉಗುಳಿದರೆ ಕೆಂಪು. ನಾನು ಹೆದರಿದ್ದು ಸಾವಿಗಲ್ಲ, ಊರಿಗೆ. ಆ ಕಾಯಿಲೆ ಅಂತ ತಿಳಿದರೆ ಕೆಲಸ ಹೋಗುತ್ತದೆ, ಮದುವೆಯಾಗಿ ವರ್ಷವೂ ತುಂಬದ ಹೆಂಡತಿಯನ್ನು ಅವಳಪ್ಪ ಕರೆದುಕೊಂಡು ಹೋಗುತ್ತಾರೆ, ತಂಗಿಗೆ ಗಂಡು ಸಿಗುವುದಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಊಟದ ಮೇಲೆ ಎರಡು ಎಲೆ ಹಾಕುತ್ತಿದ್ದವನು ದಿನವಿಡೀ ಹಾಕತೊಡಗಿದೆ. ಎಲೆ, ಅಡಿಕೆ, ಸುಣ್ಣ. ಬಾಯಿ ಸದಾ ಕೆಂಪು, ಉಗುಳೂ ಕೆಂಪು. ಯಾರು ನೋಡಿದರೂ ತಾಂಬೂಲ. ಕಂಡಕ್ಟರ್ ಅಯ್ಯನವರಿಗೆ ಎಲೆ ಹುಚ್ಚು ಹಿಡಿದಿದೆ ಎಂದು ಬಸ್ಸಿನ ತುಂಬ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮಳೆಗಾಲ ಬರುವವರೆಗೂ ಊರನ್ನು ಹೀಗೇ ವಂಚಿಸಿದೆ.

ಆದರೆ ಅಪ್ಪನ ತಿಥಿ ಬಂತು. ನಮ್ಮಲ್ಲಿ ತಿಥಿ ಮಾಡುವವನು ಹಿಂದಿನ ದಿನದಿಂದಲೇ ನೇಮದಲ್ಲಿರಬೇಕು. ಒಪ್ಪೊತ್ತು ಊಟ, ತಾಂಬೂಲ ನಿಷಿದ್ಧ. ನಾನು ಹಿರಿಯ ಮಗ. ಆ ದಿನ ಬಾಯಿಗೆ ಎಲೆ ಹಾಕದೆ ಬಸ್ಸು ಹತ್ತಿದೆ.

ಅರಕಲಗೂಡಿನಿಂದ ವಾಪಸು ಬರುವಾಗ ಹಳೇಕೋಟೆಯ ಹತ್ತಿರ ಒಂದು ಏರಿನಲ್ಲಿ ಬಸ್ಸು ನಿಂತಿತು. ಗ್ಯಾಸಿನ ಬಸ್ಸು ಏರಿನಲ್ಲಿ ನಿಲ್ಲುವುದು ಹೊಸದೇನಲ್ಲ.

“ಇಳೀರಪ್ಪೋ, ಬಸ್ಸಿಗೆ ಉಸ್ರು ಕಟ್ಟದೆ,” ಎಂದು ಚೌರಪ್ಪನವರು ಕೂಗಿದರು.

“ಕಾಸೂ ನಾವೇ ಕೊಡದು, ತಳ್ಳದೂ ನಾವೇಯಾ? ಅಂಗಾದ್ರೆ ಬಸ್ಸೇ ನಮ್ಮ ಮೇಲೆ ಕೂತ್ಕಳ್ಳಿ ಬುಡು,” ಎಂದು ಒಬ್ಬ ಮುದುಕ ಇಳಿದ. ಎಲ್ಲರೂ ತಳ್ಳಿದರು, ನಾನೂ ತಳ್ಳಿದೆ. ಏರು ಮುಗಿದು ಬಸ್ಸು ಮುಂದೆ ಹೋಗಿ ನಿಂತಾಗ ಎದೆಯೊಳಗೆ ಏನೋ ಬೆಚ್ಚಗೆ ಕಿತ್ತುಕೊಂಡು ಬಂದಂತಾಯಿತು. ಬಸ್ಸಿನ ಮರೆಗೆ ಹೋಗಿ ಕೆಮ್ಮಿದೆ. ಅಂಗೈ ತುಂಬ ರಕ್ತ ಬಂತು.

ಚೌರಪ್ಪನವರು ಇಳಿದು ಬಂದರು. ಒಂದು ಮಾತೂ ಕೇಳದೆ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಬಾಯಿಗೆ ಒತ್ತಿ ಹಿಡಿದರು. ಇನ್ನೊಂದು ಕೈ ನನ್ನ ಬೆನ್ನ ಮೇಲಿತ್ತು. ಕೆಮ್ಮು ನಿಂತ ಮೇಲೆ ಕೇಳಿದರು, “ಯಾವಾಗಿಂದ?”

“ಯಾರಿಗೂ ಹೇಳಬೇಡ ಚೌರಪ್ಪ.”

“ನಾ ಯಾರ್ಗೇಳ್ಳಿ. ನಾಳಿದ್ದೇ ಆಸನದ ಆಸ್ಪತ್ರೆಗೆ ಓಗನ, ನಾನೇ ಕರ್ಕೊಂಡೋಯ್ತೀನಿ.”

ಟವೆಲ್ಲನ್ನು ಬೇಲಿಗೆ ಎಸೆಯಲು ಹೋದೆ. “ಬ್ಯಾಡಿ, ದನಗಿನ ಮೂಸ್ತವೆ. ಊರಿಗೋದ್ಮೇಲೆ ಡ್ರಮ್ಮಿನ ಬೆಂಕಿಗೆ ಆಕಿದ್ರಾಯ್ತು,” ಎಂದು ಅದನ್ನು ಸುತ್ತಿ ತಮ್ಮ ಸೀಟಿನ ಕೆಳಗೆ ತುರುಕಿದರು.

ಊರಿನಲ್ಲಿ ಬಸ್ಸಿನ ಸಾಹುಕಾರರು ಕಾಯುತ್ತಾ ನಿಂತಿದ್ದರು. ಪಕ್ಕದಲ್ಲಿ ನನ್ನ ಸೋದರಮಾವ, ತಿಥಿಗೆಂದು ನಾನು ತರುತ್ತಿದ್ದ ಬಾಳೆಲೆಯ ಕಟ್ಟು ತೆಗೆದುಕೊಂಡು ಹೋಗಲು ಬಂದಿದ್ದರು. ಸಾಹುಕಾರರು ಏನನ್ನೋ ಹುಡುಕುತ್ತಾ ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದರು. ಟವೆಲ್ಲು ಹೊರಗೆ ಬಂತು. ಜನ ಸೇರಿದರು.

“ಯಾರ್ದಯ್ಯಾ ಇದು?”

ಚೌರಪ್ಪನವರು ನನ್ನ ಕಡೆ ನೋಡಿದರು. ನಾನೇ ಹೇಳಲಿ ಎಂದು ಕಾದರು. ನಾನು ಹೇಳಿದೆ:

“ಅದು ಚೌರಪ್ಪನ ಟವೆಲ್ಲು.”

ಸುಳ್ಳೇನಲ್ಲ. ಟವೆಲ್ಲು ಅವರದೇ.

“ನಿಂಗೆ ಕೆಮ್ಮೈತೇನಯ್ಯಾ ಚೌರಪ್ಪ?”

“ಇದ್ದಿಲ ಧೂಳಿಗೆ ಕೆಮ್ತೀನಿ ಸಾವ್ಕಾರ್ರೆ. ಆದ್ರೆ ಈ ರಕ್ತ ನಂದಲ್ಲ. ಅಯ್ನೋರು ಕೆಮ್ಮಿದ್ದು. ಅವರ್ನೇ ಕೇಳಿ.”

ಸಾಹುಕಾರರಿಗೂ ಡ್ರೈವರನ್ನು ಕಳೆದುಕೊಳ್ಳುವ ಆಸೆ ಇರಲಿಲ್ಲ. ಗ್ಯಾಸಿನ ಬಸ್ಸು ಓಡಿಸಲು ಬಲ್ಲವರು ಕಡಿಮೆ. ಅವರೇ ಒಂದು ದಾರಿ ತೋರಿಸಿದರು. “ಏನ್ ಸುಬ್ಬಣ್ಣ, ನಿಮ್ಮ ಎಲೆ ಅಡಿಕೆ ರಸ ಅಲ್ವೇನ್ರಿ ಇದು? ಸುಮ್ನೆ ಇಷ್ಟು ಜನ ಸೇರಿಸಿದ್ರಲ್ಲ,” ಎಂದು ನಕ್ಕರು.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಎಲ್ಲರೂ ನಕ್ಕು ಮನೆಗೆ ಹೋಗುತ್ತಿದ್ದರು. ಆ ಒಂದು ಸುಳ್ಳಿಗೆ ನಾವಿಬ್ಬರೂ ಉಳಿಯುತ್ತಿದ್ದೆವು. ಆದರೆ ಪಕ್ಕದಲ್ಲಿ ಮಾವ ನಿಂತಿದ್ದರು. ಅಪ್ಪನ ತಿಥಿಯ ಹಿಂದಿನ ದಿನ ಎಲೆ ಹಾಕಿದ ಮಗ ಎಂಬಂತೆ ನನ್ನ ಕಡೆ ತಿರುಗಿ ನೋಡಿದರು. ಆ ನೋಟ ತಡೆಯಲಾಗಲಿಲ್ಲ ನನಗೆ.

“ನಾಳೆ ನಮ್ಮಪ್ಪನ ತಿಥಿ. ನಾನು ಎಲೆ ಮುಟ್ಟಿಲ್ಲ,” ಎಂದೆ. ಬಾಯಿ ತೆರೆದು ತೋರಿಸಿದೆ. ಕೆಮ್ಮಿದ ಜಾಗದಲ್ಲೇ ಬಾಯಿ ತೊಳೆದುಕೊಂಡಿದ್ದೆ. ನಾಲಿಗೆ ಬೆಳ್ಳಗಿತ್ತು.

“ಮತ್ತೆ ಕೆಮ್ಮಿದ್ದು ನೀನಂತಲ್ಲೋ?” ಎಂದರು ಮಾವ.

“ಅವನು ಯಾಕೆ ಹಾಗೆ ಹೇಳ್ತಾನೋ ಗೊತ್ತಿಲ್ಲ.”

ಇದೊಂದು ಸುಳ್ಳು. ಸುಳ್ಳು ಹೇಳಲು ಬಾರದವನೇನಲ್ಲ ನಾನು. ಇಬ್ಬರನ್ನೂ ಉಳಿಸುವ ಸುಳ್ಳು ಬಾಯಿಗೆ ಬರಲಿಲ್ಲ, ನನ್ನೊಬ್ಬನನ್ನು ಉಳಿಸುವ ಸುಳ್ಳು ಥಟ್ಟನೆ ಬಂತು. ಮರುದಿನ ಮಡಿಯುಟ್ಟು ಅಪ್ಪನಿಗೆ ಪಿಂಡ ಇಟ್ಟೆ. ಪುರೋಹಿತರು ನನ್ನ ಶ್ರದ್ಧೆಯನ್ನು ಹೊಗಳಿದರು.

ಊರು ಎಷ್ಟು ಸುಲಭವಾಗಿ ನಂಬಿತು! ‘ಕಂಡದ್ದು ತಿನ್ನುವ ಜಾತಿ, ಕಾಯಿಲೆ ಬರದೆ ಇನ್ನೇನು’ ಎಂದರು. ಊರಿನ ಬಹುಮಂದಿಗಿಂತ ಕಟ್ಟುನಿಟ್ಟಾಗಿ ಬಾಯಿ ಕಟ್ಟಿದ್ದ ಮನುಷ್ಯನ ಬಗ್ಗೆ ಆಡಿದ ಮಾತು ಅದು. ಚೌರಪ್ಪನವರು ಡಾಕ್ಟರ ಹತ್ತಿರ ಹೋಗಿ ಎದೆ ಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ಚೀಟಿ ಬರೆಸಿ ತಂದರು. ಸಾಹುಕಾರರು ಅದನ್ನು ಮಡಿಸಿ ವಾಪಸು ಕೊಟ್ಟರು. “ಇದ್ನ ದಿನಾ ಪ್ಯಾಸೆಂಜರ್ಗಳಿಗೆ ಓದಿ ಹೇಳಕ್ಕಾಗ್ತದೇನಯ್ಯಾ? ನೀ ಹತ್ತಿದ್ರೆ ಅವರು ಹತ್ತಲ್ಲ.” ಮನೆಯ ಮಾಲೀಕರು ಮನೆ ಬಿಡಿಸಿದರು. ಇಷ್ಟಾದರೂ ಚೌರಪ್ಪನವರು ಒಮ್ಮೆ ನಮ್ಮ ಮನೆ ಬಾಗಿಲಿಗೆ ಬಂದರು. ಒಳಗಿನಿಂದ ಅವರ ದನಿ ಕೇಳಿಸಿತು. “ಅವ್ವಾ, ಅಯ್ನೋರ್ನ ಒಂದ್ಗಳಿಗೆ ಕಳಸಿ. ಒಂದ್ ಮಾತು ಕೇಳ್ಬೇಕು.” ಅಮ್ಮ, “ಅವನು ಮಲಗಿದಾನೆ, ಹೋಗಪ್ಪ, ಹತ್ತಿರ ಬರಬೇಡ,” ಎಂದು ಬಾಗಿಲು ಹಾಕಿದಳು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಮಲಗಿರಲಿಲ್ಲ.

ಕಾಯಿಲೆ ನನ್ನನ್ನೇನೂ ಬಿಡಲಿಲ್ಲ. ದೀಪಾವಳಿ ಹೊತ್ತಿಗೆ ಎಲೆ ಅಡಿಕೆಯಿಂದ ಮುಚ್ಚಲಾಗದಷ್ಟಾಯಿತು. ಮಾವ ಹಾಸನಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆಯ ಜಗಲಿಯಲ್ಲಿ ಒಂದು ಉದ್ದನೆಯ ಬೆಂಚು. ಅದರಲ್ಲಿ ಕೂತಿದ್ದವರೆಲ್ಲ ಬೇರೆಯವರ ಕೆಮ್ಮು ತಮ್ಮದಕ್ಕಿಂತ ಕೆಟ್ಟದ್ದು ಎಂಬಂತೆ ಪಕ್ಕಕ್ಕೆ ಸರಿಯುತ್ತಿದ್ದರು. ಮಾವ ಅಲ್ಲಿ ಕೂರಲೇ ಇಲ್ಲ, ಗೇಟಿನ ಹತ್ತಿರ ನಿಂತರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ನನ್ನೊಡನೆ ಮಾತಾಡದೆ ಮಾವನನ್ನು ಕರೆಸಿ ಇಂಗ್ಲಿಷಿನಲ್ಲಿ ಹೇಳಿದರು. ನಾನು ಹೈಸ್ಕೂಲು ಓದಿದವನು, ಇಂಗ್ಲಿಷ್ ನನಗೂ ಬರುತ್ತಿತ್ತು. ನನ್ನ ಸಾವಿನ ಮಾತನ್ನು ನನ್ನೆದುರೇ, ನಾನಿಲ್ಲವೇನೋ ಎಂಬಂತೆ ಆಡಿದರು.

ಮೈಸೂರಿನ ಕ್ಷಯದ ಆಸ್ಪತ್ರೆಗೆ ಸೇರಿಸಿದರು. ಮಾವ ಊರಿನಲ್ಲಿ, ಸುಬ್ಬಣ್ಣನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದರು. ಹೆಂಡತಿಯನ್ನು ಅವಳಪ್ಪ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಮಾಡುವುದಕ್ಕೆ ಏನೂ ಇಲ್ಲ, ಮಲಗುವುದೇ ಕೆಲಸ. ಕೆಟ್ಟ ಶ್ವಾಸಕೋಶ ಕುಗ್ಗಿ ವಿಶ್ರಾಂತಿ ಪಡೆಯಲಿ ಎಂದು ವಾರಕ್ಕೊಮ್ಮೆ ಪಕ್ಕೆಲುಬಿನ ನಡುವೆ ಸೂಜಿ ಚುಚ್ಚಿ ಎದೆಗೆ ಗಾಳಿ ತುಂಬುತ್ತಿದ್ದರು. ಆ ಕೋಣೆಗೆ ನಾವು ಸೈಕಲ್ ಷಾಪು ಎಂದು ಹೆಸರಿಟ್ಟಿದ್ದೆವು. ಹೊರಗೆ ಸಾಲಾಗಿ ಕೂತು, ಒಬ್ಬ ಹೊರಗೆ ಬಂದರೆ, “ಎಷ್ಟು ಪಂಪು ಹೊಡೆದ್ರಪ್ಪಾ? ಮನೇವರೆಗೂ ಓಡ್ತೀಯಾ?” ಎಂದು ಕೇಳುವುದು. ನಗುತ್ತಿದ್ದೆವು, ಸರದಿ ಬಂದಾಗ ಮಾತ್ರ ನಾಲಿಗೆ ಒಣಗುತ್ತಿತ್ತು.

ಒಂದಿಷ್ಟು ದಯೆಯೂ ಸಿಕ್ಕಿತು, ಇಲ್ಲವೆಂದರೆ ತಪ್ಪಾಗುತ್ತದೆ. ಕ್ಷೌರ ಮಾಡಲು ಬರುತ್ತಿದ್ದ ಮುದುಕ ಮೂಗಿಗೆ ಬಟ್ಟೆ ಕಟ್ಟದೆ ನಮ್ಮ ಮುಖಕ್ಕೆ ಮುಖ ಕೊಟ್ಟು ಕೂರುತ್ತಿದ್ದ. ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಇನ್ನೊಬ್ಬ ಮನುಷ್ಯನ ಬೆರಳು ಕೆನ್ನೆಗೆ ತಾಗಲಿ ಎಂದು ಗಡ್ಡ ಬರದಿದ್ದರೂ ಕೂರುವವರಿದ್ದರು. ಅಮ್ಮ ಬಂದಾಗ ಡಾಕ್ಟರು ಹಸಿ ಮೊಟ್ಟೆ ಕುಡಿಸಬೇಕೆಂದರು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಅಮ್ಮ, ಅದನ್ನು ತಾನೇ ಹಾಲಿಗೆ ಒಡೆದು ಹಾಕಿ ಕಲಸಿ ತಂದು, “ಔಷಧಿ ಕಣೋ ಸುಬ್ಬು. ಏನು ಅಂತ ಕೇಳಬೇಡ, ನಾನೂ ಹೇಳಲ್ಲ,” ಎಂದು ಮುಖ ಆ ಕಡೆ ತಿರುಗಿಸಿದಳು. ನನ್ನ ಜೀವಕ್ಕಾಗಿ ನೇಮ ಮುರಿಯಲು ಅವಳಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಚೌರಪ್ಪನವರ ಅನ್ನಕ್ಕಾಗಿ ನಾನು ನೇಮ ಮುರಿದವನೆಂದು ಹೇಳಿಸಿಕೊಳ್ಳಲೂ ಸಿದ್ಧನಿರಲಿಲ್ಲ. ಆ ಲೋಟ ಕುಡಿದು ಗೋಡೆ ಕಡೆ ತಿರುಗಿ ಅತ್ತೆ. ಅಮ್ಮ ಮೊಟ್ಟೆಗೆ ಅಳುತ್ತಿದ್ದೇನೆ ಅಂದುಕೊಂಡಳು.

ಗುಣವಾಗಿ ಊರಿಗೆ ಬಂದೆ. ಮೈಸೂರಿನ ಕೆಲಸದ ಕಥೆಯನ್ನು ಯಾರೂ ನಂಬಿರಲಿಲ್ಲ. ಆ ಕಾಯಿಲೆ ನನಗೆ ಚೌರಪ್ಪನವರಿಂದಲೇ ಅಂಟಿತೆಂದು ಊರು ತೀರ್ಮಾನಿಸಿಬಿಟ್ಟಿತ್ತು. ಸಾಹುಕಾರರು ದೂರದಿಂದಲೇ ಮಾತಾಡಿಸಿ ಕಳಿಸಿದರು. ಕಾಫಿ ಹೋಟೆಲಿನಲ್ಲಿ ನನಗೆಂದು ಒಂದು ಲೋಟ ಬೇರೆ ಇಟ್ಟರು. ಅದನ್ನು ಕಂಡು ನನಗೆ ರೋಷ ಉಕ್ಕಿತು. ಡಾಕ್ಟರು ವಾಸಿಯಾಗಿದೆ ಅಂದಮೇಲೆ ಇದೇನು ಅನ್ಯಾಯ ಎಂದು ಕೂಗಾಡಿದೆ. ಕೂಗಾಡುತ್ತಲೇ, ಇದೇ ಮಾತನ್ನು ಚೌರಪ್ಪನವರು ಚೀಟಿ ಹಿಡಿದು ಆಡಿದ್ದರಲ್ಲವೇ ಎಂದು ನೆನಪಾಯಿತು. ಆ ಲೋಟದಲ್ಲೇ ಕುಡಿದು ಎದ್ದೆ.

ವಿಚಾರಿಸಿದೆ. ಅವರು ಅರಕಲಗೂಡಿನ ಆಚೆ ಹೋಗಿ ಇದ್ದಿಲು ಸುಟ್ಟು ಗಾಡಿಯಲ್ಲಿ ಮಾರುತ್ತಿದ್ದಾರೆ ಎಂದರು. ಇನ್ನೊಂದು ವಿಷಯವೂ ತಿಳಿಯಿತು. ನಮ್ಮ ಸಾಹುಕಾರರು ಅವರಿಂದಲೇ ಇದ್ದಿಲು ಕೊಳ್ಳುತ್ತಿದ್ದರಂತೆ. ಆ ಮನುಷ್ಯನ ಕೈ ಸ್ಟೇರಿಂಗ್ ಮುಟ್ಟಿದರೆ ರೋಗ, ಮೂಟೆ ಮುಟ್ಟಿದರೆ ರೋಗವಿಲ್ಲ! ಸಾಹುಕಾರರನ್ನು ಬೈಯಲು ನನಗೆ ಬಾಯಿ ಇರಲಿಲ್ಲ. ಇಂದು ಬೈಯುತ್ತಿದ್ದೇನೆ.

ಕೊಣನೂರಿನ ಸಂತೆಯಲ್ಲಿ ಅವರು ಸಿಕ್ಕಿದರು. ಗಾಡಿಯ ಕೆಳಗೆ ನೆರಳಿನಲ್ಲಿ ಕೂತು ರಾಗಿರೊಟ್ಟಿ ತಿನ್ನುತ್ತಿದ್ದರು. ಮೈಯೆಲ್ಲ ಮಸಿ. ನನ್ನನ್ನು ನೋಡಿ ರೊಟ್ಟಿ ಕೆಳಗಿಟ್ಟರು. ನಾನು ಬಗ್ಗಿ, “ತಪ್ಪಾಯ್ತು ಚೌರಪ್ಪ. ಕ್ಷಮಿಸಿಬಿಡು,” ಎಂದೆ.

ಅವರು ಕೈ ಒರೆಸಿಕೊಂಡು ಹೇಳಿದರು, “ದೇವರ ಮುಂದೆ ಅವತ್ತೇ ಕ್ಷಮಿಸ್ಬುಟ್ಟೆ ಅಯ್ನೋರೆ. ಕ್ಷಮಿಸ್ದೆ ಪ್ರಾರ್ಥನೆ ಮಾಡಂಗಿಲ್ಲ ನಮ್ಮಲ್ಲಿ. ಆದ್ರೆ ನಿಮ್ಮ ಮಕ ನೋಡಿದ್ರೆ ಇವತ್ತೂ ಮೈಯೆಲ್ಲ ಉರೀತದೆ. ಕ್ಷಮಿಸಿದ್ಮೇಲೂ ಉರೀತದೆ. ಏನ್ ಮಾಡನ ಏಳಿ.”

ನಾನು ಬೆವರು ಒರೆಸಿಕೊಂಡೆ.

“ನಿಮ್ಮ ಕ್ಷಮಾಪ್ಣೆ ನಂಗೇನ್ ಕೆಲ್ಸಕ್ಕೆ ಬಂದಾತು. ಒಂದ್ ಉಪಕಾರ ಮಾಡಿ. ನಮ್ಮನೇಗ್ ಬಂದು ನನ್ನ ಎಂಡ್ರಿಗೆ ಏಳಿ, ಆ ರಕ್ತ ನಿಮ್ದು ಅಂತ. ನಾನೇಳಿದ್ರೆ ನಂಬಲ್ಲ ಅವಳು. ಊರೆಲ್ಲ ಸುಳ್ಳೇಳ್ತದಾ, ಅಯ್ನೋರು ಅಪ್ಪನ ತಿಥಿ ನೇಮದಾಗೆ ಸುಳ್ಳೇಳ್ತಾರಾ ಅಂತಾಳೆ. ಇವತ್ತಿಗೂ ನಂಗೆ ತಟ್ಟೆ ಬ್ಯಾರೆ, ಚಾಪೆ ಬ್ಯಾರೆ. ಸಣ್ಣ ಮಗೀನ ಎತ್ಕಳಕ್ ಬುಡಲ್ಲ. ಕಿತ್ಕೊಂಡು ಎತ್ಕಂಡ್ರೆ ಅಳ್ತಾಳೆ ಅಯ್ನೋರೆ, ಅದ್ಕೆ ಎತ್ಕಳಲ್ಲ.”

“ಬರ್ತೀನಿ,” ಎಂದೆ.

“ಬಾನುವಾರ ಬನ್ನಿ. ಪ್ರಾರ್ಥನೆ ಮುಗ್ದಿರ್ತದೆ, ಎಲ್ರೂ ಮನೇಲಿರ್ತೀವಿ.”

ಆ ಭಾನುವಾರ ನಾನು ಹೋಗಲಿಲ್ಲ. ಆ ವಾರವೇ ಹೆಂಡತಿಯ ಅಪ್ಪ, ಮಗಳನ್ನು ವಾಪಸು ಕಳಿಸುತ್ತೇನೆ ಎಂದು ಹೇಳಿಕಳಿಸಿದ್ದರು. ಅಳಿಯನಿಗೆ ಬಂದದ್ದು ಬರೀ ಎದೆಯ ಶೀತ, ಆ ಕಾಯಿಲೆಯಲ್ಲ ಎಂದು ನನ್ನ ಸೋದರಮಾವ ಅವರನ್ನು ನಂಬಿಸಿದ್ದರು. ಹೆಂಡತಿಯ ತೌರು ಅರಕಲಗೂಡಿನ ಪಕ್ಕದಲ್ಲೇ. ಚೌರಪ್ಪನವರ ಮನೆಗೆ ಹೋಗಿ ರಕ್ತ ನನ್ನದೆಂದು ಹೇಳಿದರೆ ಸಂಜೆಯೊಳಗೆ ಅವಳಪ್ಪನ ಕಿವಿಗೆ ಬೀಳುತ್ತದೆ. ಹೆಂಡತಿ ಬಂದು ನೆಲೆಯಾಗಲಿ, ಆಮೇಲೆ ಹೋಗುತ್ತೇನೆ ಅಂದುಕೊಂಡೆ. ಹೆಂಡತಿ ಬಂದಳು. ಮಗು ಹುಟ್ಟಲಿ ಅಂದುಕೊಂಡೆ. ಹೀಗೆ ಇರುವಾಗ ಒಂದು ಬೇಸಿಗೆಯಲ್ಲಿ, ಇದ್ದಿಲು ತರುವ ಬೇರೆ ಗಾಡಿಯವನು ಹೇಳಿದ, “ಚೌರಪ್ಪ ಓಗ್ಬುಟ್ಟ ಸಾ. ಚಳಿಜ್ವರ ಬಂದು ಮೂರ್ನೇ ದಿನಕ್ಕೇ.” ನನ್ನ ಮಗಳು ನನ್ನ ತೊಡೆಯ ಮೇಲೆ ಕೂತಿದ್ದಳು.

ಆ ಕಾಲವೇ ಹಾಗಿತ್ತು ಎಂದು ನನಗೆ ಯಾರೂ ಸಮಾಧಾನ ಹೇಳಬೇಡಿ. ಕ್ಷೌರದ ಮುದುಕನೂ ಅದೇ ಕಾಲದವನು. ಟವೆಲ್ಲು ಕೊಟ್ಟವರೂ ಅದೇ ಕಾಲದವರು.

ಯುದ್ಧ ಮುಗಿದು ಪೆಟ್ರೋಲು ಬಂದಮೇಲೆ ಚನ್ನರಾಯಪಟ್ಟಣದಲ್ಲಿ ಬೇರೊಂದು ಬಸ್ಸಿನ ಏಜೆಂಟನಾಗಿ ಕೆಲಸ ಸಿಕ್ಕಿತು. ಒಂದು ದಿನ ಒಬ್ಬಾಕೆ ಹುಡುಗಿಯ ಕೈ ಹಿಡಿದು ಬಂದು ಹಾಸನಕ್ಕೆ ಟಿಕೆಟ್ ಕೇಳಿದಳು. ಬಾಗಿಲಿಂದ ದೂರ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು.

“ಹತ್ತಿರ ಬಾಮ್ಮ, ಕೇಳಿಸಲ್ಲ,” ಎಂದೆ.

“ಬ್ಯಾಡಿ ಸಾ, ಇಲ್ಲೇ ನಿಂತ್ಕತೀನಿ. ನಮ್ಮನೆಯೋರಿಗೆ ಎದೆ ಕಾಯ್ಲೆ ಇತ್ತು. ನಂಗೇನೂ ಇಲ್ಲ, ಆದ್ರೂ ನಿಮ್ಗೆ ಯಾಕೆ. ಅವ್ರೂ ಬಸ್ನಾಗೇ ಇದ್ರು ಸಾ, ಡ್ರೈವರ್ರು. ಚೌರಪ್ಪ ಅಂತ.”

ತನ್ನಿಂದ ನನಗೆ ತಗಲಬಾರದೆಂದು ಆಕೆ ಬಾಯಿ ಮುಚ್ಚಿಕೊಂಡಿದ್ದಳು. ಆಕೆ ನನ್ನನ್ನು ಎಂದೂ ಕಂಡವಳಲ್ಲ, ನಾನು ಯಾರೆಂದು ಗೊತ್ತಿರಲಿಲ್ಲ. ಎದ್ದು ಹೊರಗೆ ಹೋದೆ. ಟಿಕೆಟ್ಟಿಗೆ ಹೆಸರು ಬೇಕಿರಲಿಲ್ಲ, ಆದರೂ ಹೆಸರು ಕೇಳಿದೆ. ಹೇಳಿದಳು. ಆ ರಕ್ತ ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಸ್ಸು ಹಾರನ್ ಹೊಡೆಯಿತು. “ಮುಂದಿನ ಸೀಟಿನಲ್ಲಿ ಕೂತುಕೋಮ್ಮ,” ಎಂದೆ. ಅಷ್ಟೇ ಅಂದದ್ದು.

ಆಕೆ ಈಗ ಇರಲಾರರು. ಮಕ್ಕಳಲ್ಲಿ ಯಾರಾದರೂ ಇದನ್ನು ಓದಿದರೆ ತಿಳಿಯಲಿ: ನಿಮ್ಮಪ್ಪನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅವರು ನಿಮ್ಮನ್ನು ಎತ್ತಿಕೊಳ್ಳಬಹುದಿತ್ತು. ಅವರ ಹತ್ತಿರ ನಾನು ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದದ್ದು ನಿಮ್ಮ ತಾಯಿಯ ಹತ್ತಿರ. ಆಕೆಯ ಹೆಸರು ಜ್ಞಾನಮ್ಮ.